ವಾಸನೆ ಹುಡುಕಿಕೊಂಡು ಮನೆಯಡಿಗೆ ಹೋಗಿದ್ದು

ಅಮ್ಮ ಬಂದಿಳಿದ ಮಾರನೇ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಾಲ್‌ನ ನಡುವೆ ನಿಂತು ಎರಡು ಸಲ ಮೂಗು ಏರಿಸಿದಳು. "ಎಂಥ ವಾಸನೆ ಮಾರಾಯ್ತಿ ಇದು?" ಅಂದಳು. ನನಗೆ ಏನೂ ಬರಲಿಲ್ಲ. ನಮ್ಮವರಿಗೂ ಬರಲಿಲ್ಲ. ಜೆಟ್‌ಲ್ಯಾಗ್ ಇರಬೇಕು ಅಂದೆ. "ಜೆಟ್‌ಲ್ಯಾಗ್ ಆಗೋದು ನಿದ್ದೆಗೆ, ಮೂಗಿಗಲ್ಲ. ಆಷಾಢದಲ್ಲಿ ಒಣಗದ ಬಟ್ಟೆನ ಹಾಗೇ ಮಡಚಿಟ್ಟ ವಾಸನೆ ಇದು" ಅಂದಳು. ತೀರ್ಥಹಳ್ಳಿಯವರ ಹತ್ತಿರ ಒಣಗದ ಬಟ್ಟೆಯ ಬಗ್ಗೆ ವಾದ ಮಾಡಿ ಗೆಲ್ಲೋಕೆ ಆಗಲ್ಲ. ಮಳೆಗಾಲ ಪೂರ್ತಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಸೀರೆ ಒಣಗಿಸಿದ ಮೂಗು ಅದು.

ನಾವಿರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ರಾಲಿ ಪಕ್ಕದ ಕೇರಿಯಲ್ಲಿ. (ಊರಿನ ಹೆಸರೇ ಕೇರಿ. ಮೊದಲ ಸಲ ಫೋನಲ್ಲಿ ಹೇಳಿದಾಗ ಅಮ್ಮ "ಯಾವ ಕೇರಿ?" ಅಂದಿದ್ದಳು.) ಇಲ್ಲಿ ಕೋಣೆಗೊಂದು ಏಸಿ ಅಂತ ಇರುವುದಿಲ್ಲ. ಒಂದು ಮಹಡಿಗೆ ಒಂದು ಯಂತ್ರ. ಅದು ದೊಡ್ಡದೊಂದು ಜಾಲರಿಯಿಂದ ಮನೆಯ ಗಾಳಿಯನ್ನೇ ಎಳೆದುಕೊಂಡು, ತಣ್ಣಗೋ ಬಿಸಿಯೋ ಮಾಡಿ, ಕೊಳವೆಗಳಲ್ಲಿ ಕೋಣೆ ಕೋಣೆಗೂ ವಾಪಸ್ ಕಳಿಸುತ್ತದೆ. ಆ ಕೊಳವೆಗಳೇ ಡಕ್ಟ್. ಗಾಳಿ ಎಳೆದುಕೊಳ್ಳುವ ಕಡೆಯದು ರಿಟರ್ನ್, ಊದುವ ಕಡೆಯದು ಸಪ್ಲೈ. ಈ ಎರಡು ಪದ ನೆನಪಿಟ್ಟುಕೊಳ್ಳಿ, ಇಡೀ ಕಥೆ ಇದರ ಮೇಲೇ ನಿಂತಿದೆ.

ನಮ್ಮ ಮನೆ ನೇರ ನೆಲದ ಮೇಲೆ ಕೂತಿಲ್ಲ. ಕೆಳಗೆ ಮೂರಡಿ ಎತ್ತರದ ಖಾಲಿ ಜಾಗ ಇದೆ. ಕ್ರಾಲ್ ಸ್ಪೇಸ್ ಅಂತಾರೆ, ತೆವಳಿಕೊಂಡೇ ಹೋಗಬೇಕು. ಕೆಳಗಿನ ಮಹಡಿಯ ಏಸಿ ಯಂತ್ರ, ಅದರ ಡಕ್ಟ್ ಎಲ್ಲ ಅಲ್ಲೇ ಕತ್ತಲಲ್ಲಿ ಇರುವುದು. ಮನೆ ತಗೊಂಡು ಆರು ವರ್ಷ ಆಗಿದ್ದರೂ ಅದರ ಬಾಗಿಲನ್ನು ನಾವು ಒಂದು ಸಲವೂ ತೆಗೆದಿರಲಿಲ್ಲ. ಅಮ್ಮನಿಗೆ ಈ ವಿಷಯ ಹೇಳಿದಾಗ ಅವಳಿಗೆ ವಾಸನೆಗಿಂತ ಇದೇ ದೊಡ್ಡ ಬೇಜಾರಾಯಿತು. "ಅಷ್ಟು ಜಾಗ ಸುಮ್ನೆ ಬಿಟ್ಟಿದ್ದೀರಾ? ಕಟ್ಟಿಗೆ ಆದ್ರೂ ಹಾಕಬಹುದಿತ್ತಲ್ಲ."

ಅಮ್ಮ ಹೇಳಿದ್ದು ನಿಜ ಅಂತ ಗೊತ್ತಾಗಿದ್ದು ಮೇ ಕೊನೆಯಲ್ಲಿ. ಮೂರು ದಿನ ಸಮುದ್ರದ ಕಡೆ ಹೋಗಿ ಬಂದು, ಬೀಗ ತೆಗೆದು ಒಳಗೆ ಕಾಲಿಟ್ಟಾಗ ನನಗೂ ಹೊಡೆಯಿತು. ಹಳೇ ಗೋಣಿಚೀಲ, ಒದ್ದೆ ಮಣ್ಣು, ಬೂಷ್ಟು, ಎಲ್ಲ ಸೇರಿದ ಒಂದು ಮುಗ್ಗಲು ನಾತ. ಇಷ್ಟು ವರ್ಷ ಅದರಲ್ಲೇ ಇದ್ದು ನಮ್ಮ ಮೂಗು ಒಗ್ಗಿಹೋಗಿತ್ತು, ಅಷ್ಟೇ. ನನಗೆ ತಕ್ಷಣ ಹೊಳೆದಿದ್ದು ಬೇರೆ. ಮನೆಗೆ ಬಂದ ಗೆಳತಿಯರಿಗೆಲ್ಲ ಇದು ಬಂದಿರುತ್ತೆ ಅಲ್ವಾ? ಒಬ್ಬರೂ ಹೇಳಲಿಲ್ಲವಲ್ಲ! ಗಣೇಶನ ಹಬ್ಬಕ್ಕೆ ನಲವತ್ತು ಜನ ಬಂದಿದ್ದರು.

ಮೊದಲು ಸಿಕ್ಕಿಬಿದ್ದಿದ್ದು ಅಡುಗೆಮನೆ. ನಮ್ಮವರ ಅನುಮಾನ ಇಂಗಿನ ಒಗ್ಗರಣೆ ಮೇಲೆ. ಪೂರ್ತಿ ತಪ್ಪಲ್ಲ ಅದು. ಇಲ್ಲಿನ ಎಷ್ಟೋ ಮನೆಗಳಲ್ಲಿ ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ಹಾಕುವುದೇ ಇಲ್ಲ. ಮೈಕ್ರೋವೇವ್ ಅಡಿಯಲ್ಲಿ ಒಂದು ಜಾಲರಿ ಇರುತ್ತದೆ, ಅದರಲ್ಲಿ ಸೋಸಿ ಮತ್ತೆ ನಿಮ್ಮ ಮುಖಕ್ಕೇ ಊದುತ್ತದೆ. ನಮ್ಮ ರಿಟರ್ನ್ ಜಾಲರಿ ಇರುವುದು ಅಡುಗೆಮನೆಯಿಂದ ನಾಲ್ಕು ಹೆಜ್ಜೆ ದೂರದ ಗೋಡೆಯಲ್ಲಿ. ಅಂದರೆ ಸಾಸಿವೆ ಚಟಪಟ ಅಂದ ಎರಡೇ ನಿಮಿಷಕ್ಕೆ ಆ ವಾಸನೆ ಮಲಗುವ ಕೋಣೆಯಲ್ಲಿ. ಫಿಲ್ಟರ್ ತೆಗೆದು ನೋಡಿದೆ. ಬೂದು ಕಂಬಳಿ ಹಾಗಿತ್ತು. ಬೆರಳಲ್ಲಿ ಒತ್ತಿದರೆ ಎಣ್ಣೆ ಅಂಟಿತು. ಅದಕ್ಕಿಂತ ನಾಚಿಕೆಯ ಸಂಗತಿ, ನಾನು ಹಾಕುತ್ತಿದ್ದ ಫಿಲ್ಟರ್ ಒಂದು ಇಂಚು ಚಿಕ್ಕದು, ಪಕ್ಕದ ಸಂದಿಯಲ್ಲಿ ಗಾಳಿ ಸಲೀಸಾಗಿ ನುಗ್ಗುತ್ತಿತ್ತು. ಸರಿಯಾದ ಅಳತೆಯದು ತಂದು ಹಾಕಿದೆ. ಇಂಗಿನ ವಾಸನೆ ಕಡಿಮೆ ಆಯಿತು. ಅಮ್ಮ ಮೂಗು ಏರಿಸಿದಳು. "ನನ್ನ ಒಗ್ಗರಣೆ ಹೋಯ್ತು, ನಿಮ್ಮ ನಾತ ಹಾಗೇ ಇದೆ."

ಆಮೇಲೆ ಒಂದು ವಾರ ನಾನು ಮಾಡಿದ್ದನ್ನೆಲ್ಲ ಬರೆದರೆ ನೀವು ನಗ್ತೀರಿ. ಕಾರ್ಪೆಟ್ ಮೇಲೆ ಅಡುಗೆ ಸೋಡಾ ಚೆಲ್ಲಿ ವ್ಯಾಕ್ಯೂಮ್ ಮಾಡಿದೆ. ಪ್ಲಗ್ಗಿಗೆ ಹಾಕುವ ಸುವಾಸನೆಯ ಬಾಟಲಿ ಮೂರು ತಂದೆ, ಮನೆ ಪೂರ್ತಿ ಟ್ಯಾಕ್ಸಿಯೊಳಗಿನ ವಾಸನೆ. ರಿಟರ್ನ್ ಜಾಲರಿ ಹಿಂದೆ ಕರ್ಪೂರ ಕಟ್ಟಿದೆ. ದೇವಸ್ಥಾನದಲ್ಲಿ ಬೂಷ್ಟು ಬಂದ ಹಾಗಾಯಿತು.

ಹಾಗಿರುವಾಗಲೇ ಅಂಚೆಪೆಟ್ಟಿಗೆಯಲ್ಲಿ ಒಂದು ಚೀಟಿ. ಇಡೀ ಮನೆಯ ಡಕ್ಟ್ ಕ್ಲೀನಿಂಗ್ 99 ಡಾಲರ್. ಕರೆದೆ. ಇಬ್ಬರು ಹುಡುಗರು ಬಂದರು. ಕಾರು ಗುಡಿಸುವಂಥ ವ್ಯಾಕ್ಯೂಮ್ ತಂದಿದ್ದರು, ಉದ್ದ ಕೊಳವೆಯ ತುದಿಗೆ ಒಂದು ಬ್ರಷ್. ನಲವತ್ತು ನಿಮಿಷಕ್ಕೆ ಎಲ್ಲ ವೆಂಟೂ (ಕೋಣೆಯೊಳಗೆ ಡಕ್ಟ್ ಬಾಯಿ ಬಿಡುವ ಜಾಗ) ಮುಗಿಯಿತು. ನಂತರ ಒಬ್ಬ ಗಂಭೀರ ಮುಖ ಮಾಡಿಕೊಂಡು ಬಂದು ಫೋನ್ ತೋರಿಸಿದ. "ಮೇಡಂ, ನಿಮ್ಮ ಡಕ್ಟಿನೊಳಗೆ ಕಪ್ಪು ಬೂಷ್ಟು ಇದೆ, ಔಷಧಿ ಹೊಗೆ ಹಾಕಿಸಬೇಕು, 1,850 ಡಾಲರ್, ಇವತ್ತೇ ಮಾಡಿಸಿದರೆ 1,400." ಫೋಟೋ ನೋಡಿದರೆ ಹೊಟ್ಟೆ ಕಿವುಚುವ ಹಾಗಿತ್ತು. ಮನೆಯಲ್ಲಿ ಮಗು ಬೇರೆ ಇದೆ. ನಾನು ಹೆಚ್ಚುಕಡಿಮೆ ಹೂಂ ಅಂದಿದ್ದೆ. ಆಗ ಅಮ್ಮ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ ಕನ್ನಡದಲ್ಲಿ ಹೇಳಿದಳು. "ಇದು ಗುಂಡಗಿದೆ ಅಲ್ಲನೇ. ನಿಮ್ಮನೇದು ಚೌಕ, ನೆಲದಲ್ಲಿದೆ." ಹೌದು! ಫೋಟೋದಲ್ಲಿದ್ದಿದ್ದು ಸೂರಿನಲ್ಲಿರುವ ದುಂಡನೆಯ ವೆಂಟು. ನಮ್ಮ ಕೆಳಮಹಡಿಯಲ್ಲಿ ಎಲ್ಲವೂ ನೆಲದಲ್ಲಿ, ಆಯತಾಕಾರದವು. ಬೇರೆ ಯಾರದೋ ಮನೆಯ ಬೂಷ್ಟು ನನಗೆ ಮಾರುತ್ತಿದ್ದ. 99 ಕೊಟ್ಟು ಕಳಿಸಿದೆ. ಎರಡು ದಿನ ನಿಂಬೆಹಣ್ಣಿನ ವಾಸನೆ ಬಂತು, ಮೂರನೇ ದಿನ ಗೋಣಿಚೀಲ ವಾಪಸ್.

ಆ ರಾತ್ರಿ ಕೂತು ಓದಿದೆ, ಮೊದಲೇ ಓದಬೇಕಿತ್ತು. ಇಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಇದರ ಬಗ್ಗೆ ಒಂದು ಕೈಪಿಡಿಯನ್ನೇ ಹೊರಡಿಸಿದೆ. ಡಕ್ಟ್ ಕ್ಲೀನಿಂಗ್‌ನಿಂದ ಕಾಯಿಲೆ ತಪ್ಪುತ್ತದೆ ಅನ್ನುವುದು ಇದುವರೆಗೆ ಸಾಬೀತಾಗಿಲ್ಲ ಅಂತ ಅದು ನೇರವಾಗಿ ಹೇಳುತ್ತದೆ. ಒಳಗೆ ಕಣ್ಣಿಗೆ ಕಾಣುವಷ್ಟು ಬೂಷ್ಟು ಇದ್ದರೆ, ಇಲಿ ಹುಳ ಸೇರಿಕೊಂಡಿದ್ದರೆ, ಧೂಳು ಕಟ್ಟಿಕೊಂಡು ಕೋಣೆಯೊಳಗೆ ಉದುರುತ್ತಿದ್ದರೆ ಮಾಡಿಸಿ ಅನ್ನುತ್ತದೆ. ಸರಿಯಾಗಿ ಮಾಡಿದರೆ ಒಂದು ಸಿಸ್ಟಮ್ಮಿಗೆ 450ರಿಂದ 1,000 ಡಾಲರ್ ಆಗುತ್ತದೆ ಅಂತಲೂ ಬರೆದಿದ್ದಾರೆ. ಅಂದಮೇಲೆ 99ಕ್ಕೆ ಬರುವವರು ಯಾಕೆ ಬರುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬೂಷ್ಟು ಬೆಳೆಯಲು ಕಾರಣವಾದ ನೀರನ್ನು ನಿಲ್ಲಿಸದೆ ಎಷ್ಟು ತೊಳೆದರೂ ಅದು ಮತ್ತೆ ಬರುತ್ತದೆ ಅನ್ನುವುದೂ ಅದರಲ್ಲೇ ಇತ್ತು. ನನ್ನ ತಲೆ ಸರಿಯಾದ ದಿಕ್ಕಿಗೆ ತಿರುಗಿದ್ದು ಆ ಸಾಲಿನಿಂದ. ನಾತ ಡಕ್ಟಿನಿಂದ ಬರುತ್ತಿದೆ ನಿಜ, ಆದರೆ ಡಕ್ಟಿಗೆ ಎಲ್ಲಿಂದ ಬರುತ್ತಿದೆ?

ಎದುರು ಮನೆಯ ಅಜ್ಜ ಮೂವತ್ತು ವರ್ಷ ಏಸಿ ರಿಪೇರಿ ಮಾಡಿದವರು, ಈಗ ನಿವೃತ್ತರು. ಅವರನ್ನು ಕೇಳಿದೆ. ಅವರು ಎದ್ದು ಬಂದು ಏನೂ ನೋಡಲಿಲ್ಲ. "ಯಾವ ವಾಸನೆ?" ಅಂತ ಕೇಳಿದರು, ಡಾಕ್ಟರು ಯಾವ ಥರದ ನೋವು ಅಂತ ಕೇಳಿದ ಹಾಗೆ. ಕೊಳಕು ಕಾಲುಚೀಲದ ವಾಸನೆ ಬಂದರೆ ತಂಪು ಮಾಡುವ ಕಾಯಿಲ್ ಮೇಲೆ ಬ್ಯಾಕ್ಟೀರಿಯಾ ಕೂತಿದೆ, ನಮ್ಮಂಥ ತೇವದ ಊರಲ್ಲಿ ಹೀಟ್ ಪಂಪ್ (ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ ಎರಡೂ ಮಾಡುವ ಯಂತ್ರ) ಇರುವ ಮನೆಗಳಲ್ಲಿ ಅದು ಮಾಮೂಲಿ, ಅದಕ್ಕೆ ಇಲ್ಲಿ ಡರ್ಟಿ ಸಾಕ್ ಸಿಂಡ್ರೋಮ್ ಅಂತಲೇ ಹೆಸರು. ಚರಂಡಿ ವಾಸನೆ ಬಂದರೆ ಯಾವುದೋ ಟ್ರ್ಯಾಪಿನಲ್ಲಿ, ಅಂದರೆ ನೀರು ನಿಂತು ಗಾಳಿ ತಡೆಯುವ ಪೈಪಿನ ಬಾಗಿನಲ್ಲಿ, ನೀರು ಒಣಗಿದೆ. ಸತ್ತಿದ್ದು ಏನಾದರೂ ಇದ್ದರೆ ಮೂಗೇ ಹೇಳುತ್ತದೆ, ತೆಗೆಯೋಕೆ ಆಗದಿದ್ದರೆ ಒಂದೆರಡು ವಾರ ಸಹಿಸಿಕೊಳ್ಳಿ. ಮೀನು ಸುಟ್ಟ ಹಾಗೋ ಪ್ಲಾಸ್ಟಿಕ್ ಕರಗಿದ ಹಾಗೋ ಬಂದರೆ ಯೋಚನೆ ಮಾಡುತ್ತಾ ಕೂರಬೇಡಿ, ಮೇನ್ ಆಫ್ ಮಾಡಿ, ವೈರು ಬಿಸಿಯಾಗುತ್ತಿದೆ. ಗ್ಯಾಸ್ ಇರುವ ಮನೆಯಲ್ಲಿ ಕೊಳೆತ ಮೊಟ್ಟೆ ಬಂದರೆ ಸ್ವಿಚ್ ಕೂಡ ಮುಟ್ಟದೆ ಎಲ್ಲರನ್ನೂ ಕರೆದುಕೊಂಡು ಹೊರಗೆ ಹೋಗಿ, ಹೊರಗಿಂದ ಫೋನ್ ಮಾಡಿ.

ಗ್ಯಾಸಿಗೆ ತನ್ನದೇ ವಾಸನೆ ಇಲ್ಲ ಅಂತ ನನಗೆ ಗೊತ್ತಾಗಿದ್ದು ಅವರಿಂದಲೇ. 1937ರ ಮಾರ್ಚ್ 18ರಂದು ಟೆಕ್ಸಸ್‌ನ ನ್ಯೂ ಲಂಡನ್ ಊರಿನ ಶಾಲೆಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ನೆಲದಡಿ ಗ್ಯಾಸ್ ತುಂಬಿಕೊಂಡು ಸ್ಫೋಟವಾಗಿ ಸುಮಾರು 300 ಜನ ಸತ್ತರು, ಹೆಚ್ಚಿನವರು ಮಕ್ಕಳು. ಅದಾದ ಮೇಲೆಯೇ ಗ್ಯಾಸಿಗೆ ಬೇಕಂತಲೇ ನಾತ ಬೆರೆಸುವ ಕಾನೂನು ಬಂದಿದ್ದು. ನೆಲದಡಿ ಅನ್ನುವ ಮಾತು ಕೇಳಿ ನನಗೆ ಮೈ ಜುಂ ಅಂತು, ನಮ್ಮದು ಪೂರ್ತಿ ಕರೆಂಟಿನ ಮನೆ ಆದರೂ.

"ನಿಮ್ಮದು ಮಣ್ಣಿನ ವಾಸನೆ ಅಂತೀರಿ. ಹಾಗಾದರೆ ಕೆಳಗೆ ಹೋಗಿ ನೋಡಿ" ಅಂದರು ಅಜ್ಜ. "ಆದರೆ ಮೊದಲು ಯಾವಾಗ, ಎಲ್ಲಿ ಬರುತ್ತೆ ಅಂತ ಒಂದು ವಾರ ಬರೆದಿಡಿ."

ಬರೆಯುವ ಕೆಲಸ ಅಮ್ಮನದಾಯಿತು, ಮನೆಯಲ್ಲಿ ನಂಬುವಂಥ ಮೂಗು ಇದ್ದಿದ್ದು ಅದೊಂದೇ. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಳು. "ಏಸಿ ಶುರುವಾದ ಕೂಡಲೆ ಜಾಸ್ತಿ. ಆಮೇಲೆ ಕಮ್ಮಿ." "ಮಳೆ ಬಂದ ಮಾರನೇ ದಿನ ವಿಪರೀತ." "ಮಹಡಿ ಮೇಲೆ ಇಲ್ಲ." "ಕಿಟಕಿ ತೆಗೆದು ಏಸಿ ಆರಿಸಿದರೆ ಇಲ್ಲ." ನಾಲ್ಕು ಸಾಲು. ಮಹಡಿಯ ಯಂತ್ರ ಬೇರೆ, ಅದು ಅಟ್ಟದಲ್ಲಿದೆ. ಮಳೆಗೂ ಇದಕ್ಕೂ ಸಂಬಂಧ ಇದೆ. ಯಂತ್ರ ಎಳೆದಾಗ ಮಾತ್ರ ಬರುತ್ತದೆ. ಇನ್ನೇನು ಬೇಕು?

ಕೆಳಗೆ ಇಳಿಯುವ ಮುಂಚೆ ನೆಲದ ವೆಂಟುಗಳನ್ನು ಒಂದೊಂದಾಗಿ ಎತ್ತಿ ಫೋನಿನ ಟಾರ್ಚ್ ಬಿಟ್ಟು ನೋಡಿದೆ. ಸ್ಕ್ರೂ ಇರಲ್ಲ, ಕೈಯಲ್ಲೇ ಬರುತ್ತದೆ. ಮಗಳ ಕೋಣೆಯ ವೆಂಟಿನಲ್ಲಿ ಸಿಕ್ಕಿದ್ದು ಹನ್ನೊಂದು ಬಣ್ಣದ ಪೆನ್ಸಿಲ್, ಒಂದು ಕಾಲ್ಗೆಜ್ಜೆ, ಅರ್ಧ ಚಕ್ಕುಲಿ, ಮತ್ತೆ ನಾನು ಎರಡು ವರ್ಷದಿಂದ ಹುಡುಕುತ್ತಿದ್ದ ಬೆಳ್ಳಿಯ ಕುಂಕುಮದ ಭರಣಿ. ಡಕ್ಟಿನ ತಗಡು ಮಾತ್ರ ಒಣಗಿತ್ತು. ಸ್ವಲ್ಪ ಧೂಳು, ಬೂಷ್ಟಿಲ್ಲ. ಬಗ್ಗಿ ಮೂಸಿದೆ. ತಗಡಿನ ವಾಸನೆ ಅಷ್ಟೇ.

ಮುಂದಿನ ಪ್ರಯೋಗ ಊದುಬತ್ತಿಯದು. ಏಸಿಯವರು ಹೊಗೆ ಬಿಡುವ ಪೆನ್ನು ಇಟ್ಟುಕೊಂಡಿರುತ್ತಾರಂತೆ, ನಮ್ಮನೆಯಲ್ಲಿ ಸೈಕಲ್ ಬ್ರ್ಯಾಂಡ್ ಊದುಬತ್ತಿ ಇತ್ತು. ಫ್ಯಾನ್ ಹಾಕಿ ರಿಟರ್ನ್ ಜಾಲರಿಯ ಹತ್ತಿರ ಹಿಡಿದೆ. ಹೊಗೆ ಮೆಲ್ಲಗೆ, ಸೋಮಾರಿಯ ಹಾಗೆ ಒಳಗೆ ಹೋಯಿತು. ಅಜ್ಜನ ಮನೆಯ ಜಾಲರಿಗೆ ಹಿಡಿದರೆ ಸರ್ರನೆ ಎಳೆಯಿತು. ನಮ್ಮ ಫ್ಯಾನು ಊದುವುದರಲ್ಲಿ ಏನೂ ಕಡಿಮೆ ಇಲ್ಲ. ಹಾಗಾದರೆ ಜಾಲರಿಯಿಂದ ಬರಬೇಕಾದ ಗಾಳಿ ಬೇರೆ ಎಲ್ಲಿಂದಲೋ ಬರುತ್ತಿದೆ.

ಶನಿವಾರ ಬೆಳಿಗ್ಗೆ ಕೆಳಗೆ ಹೋದೆ. ನಾನೇ. ನಮ್ಮವರು ಬಾಗಿಲ ಹತ್ತಿರ ಕೂತು "ನಾನು ಇಲ್ಲೇ ಇರ್ತೀನಿ, ಏನಾದ್ರೂ ಆದ್ರೆ ಕೂಗು" ಅಂದರು. ಇಲ್ಲಿನ ಕ್ರಾಲ್ ಸ್ಪೇಸುಗಳಲ್ಲಿ ಕಪ್ಪು ಹಾವು ಇರುತ್ತವೆ ಅಂತ ಯಾರೋ ಆಫೀಸಲ್ಲಿ ಹೇಳಿದ್ದರಂತೆ. ವಿಷ ಇಲ್ಲದ ಹಾವು ಅಂತಲೂ ಹೇಳಿದ್ದರು, ಅದು ಅವರಿಗೆ ನೆನಪಿರಲಿಲ್ಲ. ಬ್ರೇಕರ್ ಆಫ್ ಮಾಡಿ, ಹಳೇ ಚೂಡಿದಾರ್, ಎನ್95 ಮಾಸ್ಕ್, ತಲೆಗೆ ಟಾರ್ಚ್ ಕಟ್ಟಿಕೊಂಡು ಮಂಡಿಯೂರಿ ಒಳಗೆ ನುಗ್ಗಿದೆ.

ಮೊದಲು ಸಿಕ್ಕಿದ್ದು ಆ ವಾಸನೆ. ಆ ವಾಸನೆಯೇ! ಮಾಸ್ಕ್ ದಾಟಿಕೊಂಡು ಬಂತು. ಎರಡನೆಯದು ಒಂಟೆ ಮಿಡತೆಗಳು, ಇಲ್ಲಿನವರು ಕ್ಯಾಮೆಲ್ ಕ್ರಿಕೆಟ್ ಅಂತಾರೆ. ಜೇಡದ ಕಾಲು, ಸೀಗಡಿಯ ಬೆನ್ನು. ಬೆಳಕು ಬಿಟ್ಟರೆ ಓಡಿಹೋಗುವ ಬದಲು ನಮ್ಮ ಮೇಲೇ ನೆಗೆಯುತ್ತವೆ. ನಾನು ಕೂಗಿದೆ. ಹೊರಗಿಂದ ನಮ್ಮವರೂ ಕೂಗಿದರು, ಯಾಕೆ ಅಂತ ಅವರಿಗೇ ಗೊತ್ತಿಲ್ಲ.

ನೆಲಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹಾಳೆ ಅರ್ಧ ಹರಿದು ಮಣ್ಣು ಬಿಟ್ಟುಕೊಂಡಿತ್ತು. ಅಂಗೈ ಊರಿದರೆ ಒದ್ದೆ. ಮೇಲೆ ನೋಡಿದರೆ ಸಪ್ಲೈ ಡಕ್ಟುಗಳ ಹೊರಗಿನ ಬೆಳ್ಳಿ ಹೊದಿಕೆ ಪೂರ್ತಿ ಬೆವರಿತ್ತು. ಫ್ರಿಜ್ಜಿನಿಂದ ತೆಗೆದಿಟ್ಟ ಮಜ್ಜಿಗೆ ಲೋಟ ಬೆವರುತ್ತದಲ್ಲ, ಹಾಗೆ. ಒಂದು ಕಡೆ ಹೊದಿಕೆ ಹರಿದು ಒಳಗಿನ ಗಾಜಿನ ಹತ್ತಿ ನೀರು ಕುಡಿದು ಮುದುಡಿದ ತಲೆದಿಂಬಿನ ಹಾಗೆ ಜೋತುಬಿದ್ದಿತ್ತು. ಆಮೇಲೆ ತೆವಳಿಕೊಂಡು ಯಂತ್ರದ ಹತ್ತಿರ ಹೋದೆ. ಜಾಲರಿಯಿಂದ ಇಳಿದು ಬರುವ ರಿಟರ್ನ್ ಡಕ್ಟು ನನ್ನ ಸೊಂಟದಷ್ಟು ದಪ್ಪ. ಅದು ಯಂತ್ರಕ್ಕೆ ಸೇರುವ ಜಾಗದಲ್ಲಿ ಬೂದು ಬಣ್ಣದ ಬಟ್ಟೆ ಟೇಪು ಒಣಗಿ, ಹಪ್ಪಳದ ಹಾಗೆ ಎದ್ದು ನೇತಾಡುತ್ತಿತ್ತು. ಡಕ್ಟು ತನ್ನ ಕುತ್ತಿಗೆಯಿಂದ ಜಾರಿ ಬಾಯಿ ತೆರೆದುಕೊಂಡಿತ್ತು. ಸಂದಿಯೊಳಗೆ ಕೈ ಹಾಕಿದೆ, ನಾಲ್ಕು ಬೆರಳು ಸಲೀಸಾಗಿ ಹೋಯಿತು. ಹೊರಗಿದ್ದವರಿಗೆ ಬ್ರೇಕರ್ ಹಾಕಿ ಅಂದೆ. ಯಂತ್ರ ಶುರುವಾಯಿತು. ಸಂದಿಯ ಹತ್ತಿರ ಹಿಡಿದ ಟಿಶ್ಯೂ ಕಾಗದ ನನ್ನ ಕೈಯಿಂದ ಕಿತ್ತುಕೊಂಡು ಹೋಯಿತು!

ಅಂದರೆ ಆರು ವರ್ಷ ನಾವು ಮನೆಯ ಕೆಳಗಿನ ಮಣ್ಣಿನ ಗಾಳಿಯನ್ನು ತಣ್ಣಗೆ ಮಾಡಿಕೊಂಡು ಉಸಿರಾಡಿದ್ದೇವೆ.

ಅಷ್ಟಕ್ಕೇ ಮುಗಿಯಲಿಲ್ಲ. ಏಸಿ ಗಾಳಿಯಿಂದ ತೆಗೆದ ನೀರು ಹೊರಗೆ ಹೋಗಲು ಒಂದು ಬಿಳಿ ಪೈಪು ಇರುತ್ತದೆ. ಅದರಲ್ಲಿ ಬಚ್ಚಲಿನ ಬೇಸಿನ್ ಕೆಳಗೆ ಇರುವಂಥ ಒಂದು ಬಾಗು ಇರಬೇಕು, ಅದರಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತು ಗಾಳಿಗೆ ಅಡ್ಡ ಕಟ್ಟಬೇಕು. ನಮ್ಮದರ ಬಾಗು ಸೀಳಿಬಿಟ್ಟಿತ್ತು. ಕಾಯಿಲ್ ಇರುವುದು ಫ್ಯಾನ್ ಎಳೆಯುವ ಕಡೆ, ಹಾಗಾಗಿ ಆ ಪೈಪು ಉಲ್ಟಾ ಸ್ಟ್ರಾ ಆಗಿ ಕೆಳಗಿನ ಕೊಚ್ಚೆಯ ಗಾಳಿಯನ್ನು ಹೀರುತ್ತಿತ್ತು. ಹಾಗೆ ಒಳಗೆ ನುಗ್ಗುವ ಗಾಳಿಯೇ ಅಡ್ಡ ಬಂದು, ನೀರು ಇಳಿಯಲಾಗದೆ ಕಾಯಿಲ್ ಕೆಳಗಿನ ತಟ್ಟೆಯಲ್ಲೇ ನಿಂತು ಲೋಳೆ ಕಟ್ಟಿತ್ತು.

ಬೆವರಿದ್ದು ಯಾಕೆ ಅಂತ ಸ್ವಲ್ಪ ಹೇಳುತ್ತೇನೆ, ನನಗೆ ಇಷ್ಟವಾದ ಭಾಗ ಇದು. ಈ ಮನೆಗಳ ತಳದ ಗೋಡೆಯಲ್ಲಿ ಸುತ್ತಲೂ ಗಾಳಿಕಿಂಡಿ ಬಿಟ್ಟಿರುತ್ತಾರೆ, ತೇವ ಹೊರಗೆ ಹೋಗಲಿ ಅಂತ. ನಮಗೂ ಅದು ಸರಿ ಅನ್ನಿಸುತ್ತದೆ ಅಲ್ವಾ? ಆದರೆ ಇಲ್ಲಿನ ಜುಲೈ ಗಾಳಿ ಎಷ್ಟು ಒದ್ದೆ ಅಂದರೆ 21 ಡಿಗ್ರಿ ಸೆಲ್ಸಿಯಸ್ಸಿನ ಯಾವ ವಸ್ತು ಸಿಕ್ಕಿದರೂ ಅದರ ಮೇಲೆ ನೀರಾಗುತ್ತದೆ. ಡಕ್ಟಿನೊಳಗೆ ಓಡುವ ಗಾಳಿ 13 ಡಿಗ್ರಿ ಆಸುಪಾಸು. ಕಿಂಡಿಯಿಂದ ತೇವ ಹೊರಗೆ ಹೋಗುವ ಬದಲು ಒಳಗೆ ಬಂದು ಡಕ್ಟಿನ ಮೇಲೆ ಕೂರುತ್ತದೆ. ನಮ್ಮ ರಾಜ್ಯದಲ್ಲೇ ಪ್ರಿನ್ಸ್‌ವಿಲ್ ಅನ್ನುವ ಊರಲ್ಲಿ ಇದನ್ನು ಪರೀಕ್ಷೆ ಮಾಡಿದ್ದಾರೆ. 1999ರ ಫ್ಲಾಯ್ಡ್ ಚಂಡಮಾರುತದಲ್ಲಿ ಮುಳುಗಿ, ಮತ್ತೆ ಕಟ್ಟಿಕೊಂಡ ಊರು. ರಾಲಿಯ ಅಡ್ವಾನ್ಸ್ಡ್ ಎನರ್ಜಿ ಸಂಸ್ಥೆಯವರು ಅಲ್ಲಿ ಒಂದೇ ಥರದ 12 ಮನೆ ತಗೊಂಡು ಕೆಲವಕ್ಕೆ ಕಿಂಡಿ ಬಿಟ್ಟರು, ಕೆಲವನ್ನು ಮುಚ್ಚಿ ನೆಲ ಗೋಡೆಗೆಲ್ಲ ಪ್ಲಾಸ್ಟಿಕ್ ಹಾಸಿದರು. ಮುಚ್ಚಿದವು ಒಣಗಿದ್ದವು, ಏಸಿ ಹೀಟರಿನ ಕರೆಂಟೂ ಶೇಕಡಾ 15ಕ್ಕೆ ಕಡಿಮೆ ಇಲ್ಲದಂತೆ ಉಳಿಯಿತು. ನಮ್ಮ ಮನೆ ಇದಕ್ಕಿಂತ ಮುಂಚೆ ಕಟ್ಟಿದ್ದು, ಹಾಗಾಗಿ ಹದಿನಾಲ್ಕು ಕಿಂಡಿ.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ಅಜ್ಜ ಹೇಳಿದ ಒಬ್ಬ ಮೆಕ್ಯಾನಿಕ್ ಬಂದ. ಅವನ ಹತ್ತಿರ ವ್ಯಾಕ್ಯೂಮ್ ಇರಲಿಲ್ಲ, ಬಕೆಟ್ ಇತ್ತು. ಅದರಲ್ಲಿ ಮ್ಯಾಸ್ಟಿಕ್ ಅನ್ನುವ ಬೂದು ಬಣ್ಣದ ಅಂಟು, ಉದ್ದಿನವಡೆ ಹಿಟ್ಟಿನ ಹದ. ಡಕ್ಟನ್ನು ಕುತ್ತಿಗೆಗೆ ಕೂರಿಸಿ, ಪಟ್ಟಿ ಬಿಗಿದು, ಸುತ್ತ ಬ್ರಷ್ಷಿನಲ್ಲಿ ಮೆತ್ತಿದ. ಹಳೇ ಟೇಪನ್ನು ತೋರಿಸಿ ಕೇಳಿದೆ. ಅದರ ಹೆಸರು ಡಕ್ಟ್ ಟೇಪ್, ಡಕ್ಟಿಗೆ ಮಾತ್ರ ಹಾಕಬಾರದು ಅಂತ ನಕ್ಕ. ಇದು ತಮಾಷೆ ಅಲ್ಲ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಶೆರ್ಮನ್, ಇಯಾನ್ ವಾಕರ್ ಅನ್ನುವವರು ಡಕ್ಟು ಮುಚ್ಚುವ ಅಂಟುಗಳನ್ನೆಲ್ಲ ಬಿಸಿ ತಂಪು ಮಾಡಿ ಮಾಡಿ ನೋಡಿ, 1998ರಲ್ಲಿ ಬರೆದಿದ್ದು ಇದನ್ನೇ. ಬಟ್ಟೆ ಟೇಪು ಬೇಗ ಕೈಕೊಡುತ್ತದೆ, ಮ್ಯಾಸ್ಟಿಕ್ ನಿಲ್ಲುತ್ತದೆ. ಸಾಮಾನ್ಯ ಮನೆಗಳಲ್ಲಿ ಡಕ್ಟಿನ ಗಾಳಿಯ ಶೇಕಡಾ 20ರಿಂದ 30 ಸಂದಿಗಳಲ್ಲೇ ಸೋರಿಹೋಗುತ್ತದೆ ಅಂತ ಇಲ್ಲಿನ ಸರ್ಕಾರದ ಇಂಧನ ಉಳಿತಾಯದ ಯೋಜನೆ ಎನರ್ಜಿ ಸ್ಟಾರ್‌ನವರು ಹೇಳುತ್ತಾರೆ. ನಮ್ಮದನ್ನು ನೋಡಿದ ಮೇಲೆ ನನಗೆ ಆಶ್ಚರ್ಯ ಆಗಲಿಲ್ಲ.

ಕಾಯಿಲ್ ಮೇಲೆ ನೊರೆ ಹೊಡೆದು ತೊಳೆದ. ಹೊಸ ಟ್ರ್ಯಾಪ್ ಹಾಕಿ, ಪೈಪನ್ನು ಮನೆಯ ಹೊರಗಿನವರೆಗೆ ಎಳೆದ. ಒದ್ದೆಯಾಗಿದ್ದ ಎರಡು ಡಕ್ಟು ಬದಲಾಯಿಸಿದ, ನೆನೆದ ಗಾಜಿನ ಹತ್ತಿಯನ್ನು ಒಣಗಿಸಿ ಸರಿ ಮಾಡೋಕೆ ಆಗಲ್ಲವಂತೆ. ಎಲ್ಲ ಸೇರಿ 1,120 ಡಾಲರ್. ಬೂಷ್ಟು ಕೊಲ್ಲೋಕೆ ಅಲ್ಟ್ರಾವಯಲೆಟ್ ದೀಪ ಹಾಕಿಸಲಾ ಅಂತ ನಾನೇ ಕೇಳಿದೆ. "ಮೊದಲು ನೀರು ನಿಲ್ಲಿಸಿ, ಆಮೇಲೂ ವಾಸನೆ ಇದ್ದರೆ ಕರೆಯಿರಿ" ಅಂದ. ಇಂಥವನು ಸಿಕ್ಕಿದರೆ ನಂಬರ್ ಫ್ರಿಜ್ಜಿನ ಮೇಲೆ ಅಂಟಿಸಿಡಿ. ಹೋಗುವಾಗ ಥರ್ಮೋಸ್ಟಾಟ್ ನೋಡಿ ಫ್ಯಾನನ್ನು ಆನ್‌ನಿಂದ ಆಟೋಗೆ ತಿರುಗಿಸಿದ. ಗಾಳಿಯಾಡಲಿ ಅಂತ ನಾವು ದಿನವಿಡೀ ಆನ್ ಇಡುತ್ತಿದ್ದೆವು. ತಂಪು ನಿಂತ ಮೇಲೂ ಫ್ಯಾನ್ ಓಡುತ್ತಿದ್ದರೆ ಕಾಯಿಲ್ ಮೇಲಿನ ನೀರು ಹರಿದು ಹೋಗುವ ಮುಂಚೆಯೇ ಆರಿ ಮತ್ತೆ ಮನೆಗೇ ಬರುತ್ತದೆ. ಆರು ವರ್ಷ ಕಾಸು ಕೊಟ್ಟು ಗಾಳಿಯಿಂದ ತೆಗೆದ ತೇವವನ್ನು ಕಾಸು ಕೊಟ್ಟೇ ವಾಪಸ್ ಹಾಕುತ್ತಿದ್ದೆವು.

ನೆಲಕ್ಕೆ ಹೊಸ ಪ್ಲಾಸ್ಟಿಕ್ ನಾವೇ ಹಾಸಿದೆವು, ಆರು ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದ ಒಂದು ಭಾಗ) ದಪ್ಪದ್ದು. ಈ ಸಲ ನಮ್ಮವರೂ ಒಳಗೆ ಬಂದರು, ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಂಡು. ಕಿಂಡಿಗಳನ್ನೆಲ್ಲ ಮುಚ್ಚಿ ಪೂರ್ತಿ ಪ್ಯಾಕ್ ಮಾಡಿಸಲು ಒಬ್ಬರು 11,000 ಹೇಳಿದರು, ಅದು ಮುಂದಿನ ವರ್ಷದ ಮಾತು. ಹನ್ನೆರಡು ಡಾಲರಿನ ತೇವ ಅಳೆಯುವ ಮೀಟರ್ ಕೆಳಗೆ ಇಟ್ಟಿದ್ದೇವೆ. ಮೊದಲ ದಿನ ಶೇಕಡಾ 88 ತೋರಿಸಿತ್ತು, ಆಗಸ್ಟಿನಲ್ಲಿ 71. ಅರವತ್ತರೊಳಗೆ ಇರಬೇಕಂತೆ. ಇನ್ನೂ ಆಗಿಲ್ಲ. ಈಗ ನನ್ನ ಕೆಲಸ ಇಷ್ಟೇ, ತಿಂಗಳಿಗೊಂದು ಸಲ ನೀರಿನ ಪೈಪಿಗೆ ಒಂದು ಲೋಟ ವಿನೆಗರ್, ಎರಡು ತಿಂಗಳಿಗೊಂದು ಫಿಲ್ಟರ್, ಮಳೆ ಬಂದ ಮಾರನೇ ದಿನ ಮೀಟರ್ ನೋಡುವುದು.

ಮ್ಯಾಸ್ಟಿಕ್ ಒಣಗಿದ ಮಾರನೇ ದಿನ ಅಮ್ಮ ಹಾಲ್‌ನಲ್ಲಿ ನಿಂತು ಮೂಗು ಏರಿಸಿದಳು. ಏನೂ ಹೇಳಲಿಲ್ಲ. ಅಡುಗೆಮನೆಗೆ ಹೋಗಿ ಬೆಳ್ಳುಳ್ಳಿ ಒಗ್ಗರಣೆ ಹಾಕಿದಳು.

ಅಕ್ಟೋಬರ್ ಕೊನೆಗೆ, ಅವಳು ಹೊರಡಲು ನಾಲ್ಕು ದಿನ ಇದ್ದಾಗ, ಚಳಿ ಬಿತ್ತು. ರಾತ್ರಿ ಹನ್ನೊಂದಕ್ಕೆ ಹೀಟರ್ ಮೊದಲ ಸಲ ಶುರುವಾಯಿತು. ಹತ್ತು ನಿಮಿಷಕ್ಕೆ ಅಮ್ಮ ನಮ್ಮ ಬಾಗಿಲು ಬಡಿದಳು. "ಏಳೇ, ಏನೋ ಸೀದಿದೆ!" ನಾನು ಮೂಸಿ ನೋಡಿದೆ. ಬೇಸಿಗೆಯೆಲ್ಲ ಹೀಟರಿನ ತಂತಿ ಮೇಲೆ ಕೂತ ಧೂಳು ಸುಡುವ ವಾಸನೆ, ವರ್ಷವೂ ಬರುತ್ತದೆ, ಅರ್ಧ ಗಂಟೆಗೆ ಹೋಗುತ್ತದೆ ಅಂತ ಹೇಳಿದೆ. ಅವಳಿಗೆ ನಂಬಿಕೆ ಬರಲಿಲ್ಲ. ಶಾಲು ಹೊದ್ದು ವೆಂಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ನಾನೂ ಪಕ್ಕದಲ್ಲಿ ಕೂತೆ. ಹನ್ನೊಂದೂ ಮುಕ್ಕಾಲಿಗೆ ಬಗ್ಗಿ ಇನ್ನೊಮ್ಮೆ ಮೂಸಿದಳು.

"ಹೋಯ್ತು. ಮಲಗು ಇನ್ನು" ಅಂದಳು.